ನಾಯಿಗೆ ಕೆಲಸಿಲ್ಲ, ನಿಲ್ಲಾಕ ಹೊತ್ತಿಲ್ಲ

"ನಾಯಿಗೆ ಕೆಲಸಿಲ್ಲ, ನಿಲ್ಲಾಕ ಹೊತ್ತಿಲ್ಲ" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಸುಮ್ಮನೆ ಅತ್ತಿಂದಿತ್ತ ಓಡಾಡುವ ನಮ್ಮಂಥ ವಿದ್ಯಾರ್ಥಿಗಳಿಗೆ ಮನೆಯ ಹಿರಿಯರು ಇದನ್ನು ಧಾರಾಳವಾಗಿ ದಾನ ಮಾಡುತ್ತಾರೆ. ಆದರೆ ಗಾದೆಯನ್ನು ಮನುಷ್ಯರಿಗೆ ಅಂಟಿಸುವ ಭರದಲ್ಲಿ ನಾವು ನಾಯಿಯನ್ನೇ ಮರೆತುಬಿಟ್ಟಿದ್ದೇವೆ. ಕೆಲಸವಿಲ್ಲದ ನಾಯಿ ಯಾಕೆ ಸುಮ್ಮನೆ ನಿಲ್ಲುವುದಿಲ್ಲ? ಮನೆಯಲ್ಲಿ ಸಾಕಿದ ನಾಯಿ ಚಪ್ಪಲಿ ಕಡಿಯುವುದು, ಸೋಫಾ ಹರಿಯುವುದು, ಬಾಗಿಲು ಕೆರೆಯುವುದು, ಹಗಲೆಲ್ಲ ಬೊಗಳುವುದು ಯಾಕೆ? ಇದಕ್ಕೆ ಬಡಿಗೆ ಮದ್ದೋ, ಸರಪಳಿ ಮದ್ದೋ, ಅಥವಾ ಬೇರೇನಾದರೂ ಇದೆಯೋ? ಇದನ್ನು ನನಗೆ ತಿಳಿದಷ್ಟು ವಿವರಿಸುವುದೇ ಈ ಲೇಖನದ ಉದ್ದೇಶ. ಬಿ.ಕಾಂ. ಓದುವವನಿಗೆ ನಾಯಿಯ ಉಸಾಬರಿ ಯಾಕೆ ಎಂದು ಕೇಳುವ ಮಿತ್ರರಿಗೆ ಮೊದಲೇ ಹೇಳಿಬಿಡುತ್ತೇನೆ: ಇದೂ ಒಂದು ಜಮಾ-ಖರ್ಚಿನ ವಿಷಯವೇ.

ಒಂದೇ ಊರು, ಎರಡು ಬಗೆಯ ನಾಯಿ

ದೆಹಲಿಯಿಂದ ಜೈಪುರದ ಹೆದ್ದಾರಿ ಹಿಡಿದು ಹೊರಟರೆ ಗುರುಗ್ರಾಮ ದಾಟಿದ ಮೇಲೆ ಮಾನೇಸರ್ ಸಿಗುತ್ತದೆ. ಹರಿಯಾಣದ ಊರು. ಒಂದು ಕಡೆ ಅರಾವಳಿಯ ಕುರುಚಲು ಗುಡ್ಡಗಳು, ಇನ್ನೊಂದು ಕಡೆ ಕಾರಿನ ಕಾರ್ಖಾನೆ, ಬಿಡಿಭಾಗಗಳ ಕಾರ್ಖಾನೆ, ಅವುಗಳ ನಡುವೆ ಎದ್ದು ನಿಂತ ಹತ್ತು ಹದಿನೈದು ಅಂತಸ್ತಿನ ವಸತಿಗಳು. ನಮ್ಮ ಕಾಕಾ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವುದರಿಂದ ನಾನು ಬೇಸಿಗೆ ರಜೆಯಲ್ಲಿ ಎಂಟು ವಾರ ಅಲ್ಲಿದ್ದೆ.

ಈ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಗಿರುವುದು ಕಾರಿನಿಂದಷ್ಟೇ ಅಲ್ಲ. 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭದ್ರತಾ ದಳ, ಅಂದ್ರ ಎನ್.ಎಸ್.ಜಿ.ಯ ತರಬೇತಿ ನೆಲೆ ಇರುವುದು ಇಲ್ಲೇ. 2008ರ ನವೆಂಬರದಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಇದೇ ದಳದವರು. ಈ ದಳದಲ್ಲಿ ನಾಯಿಗಳ ಪಡೆಯೂ ಇದೆ. ಅದರಲ್ಲಿ ಬೆಲ್ಜಿಯನ್ ಮಾಲಿನಾಯ್ಸ್ ಎಂಬ ಜಾತಿಯ ನಾಯಿಗಳಿವೆ. ಇವು ಮೂಲತಃ ಬೆಲ್ಜಿಯಂ ದೇಶದ ಕುರಿ ಕಾಯುವ ನಾಯಿಗಳು. ನಮ್ಮ ಬೆಂಗಳೂರಿನ ಹತ್ತಿರದ ತರಳಿನಲ್ಲಿ ಕೇಂದ್ರೀಯ ಮೀಸಲು ಪೊಲೀಸ್ ಪಡೆಯವರ ಶ್ವಾನ ತರಬೇತಿ ಶಾಲೆಯಲ್ಲೂ ಇದೇ ಜಾತಿಯವನ್ನು ಬೆಳೆಸುತ್ತಾರೆ.

ಈಗ ವಿಚಾರ ಮಾಡ್ರಿ. ಮಾಲಿನಾಯ್ಸ್ ನಾಯಿಯಷ್ಟು ಚುರುಕಿನ, ಬಲವಾದ ದವಡೆಯ ನಾಯಿ ವಿರಳ. ಅದನ್ನು ಕೆಲಸ ಕೊಡದೆ ಒಂದು ಕೋಣೆಯಲ್ಲಿ ಕೂಡಿಹಾಕಿದರೆ ವಾರದೊಳಗೆ ಆ ಕೋಣೆಯ ಗತಿ ಏನಾದೀತು? ಆದರೆ ಪಡೆಯಲ್ಲಿ ಅದೇ ನಾಯಿ ಶಿಸ್ತಿಗೆ ಮಾದರಿ. ಯಾಕಂದ್ರ ಅಲ್ಲಿ ಅದಕ್ಕೆ ತನ್ನದೇ ಆದ ಒಬ್ಬ ಮೇಲ್ವಿಚಾರಕ ಇರುತ್ತಾನೆ. ಗೊತ್ತಾದ ಹೊತ್ತಿಗೆ ನಡಿಗೆ, ಓಟ, ಹುಡುಕಾಟದ ಅಭ್ಯಾಸ, ಮೈ ಉಜ್ಜುವುದು, ಊಟ, ವಿಶ್ರಾಂತಿ ಇರುತ್ತವೆ. ಗೋಡೆಯ ಆಚೆ, ಆರನೆಯ ಅಂತಸ್ತಿನ ಮನೆಯಲ್ಲಿ, ಇದಕ್ಕಿಂತ ಎಷ್ಟೋ ಸಾಧು ಜಾತಿಯ ನಾಯಿ ಮುಂಜಾನೆಯಿಂದ ಸಂಜೆಯ ತನಕ ಬಾಗಿಲು ನೋಡುತ್ತ ಮಲಗಿರುತ್ತದೆ, ಮತ್ತು ಸೋಫಾ ಹರಿಯುತ್ತದೆ. ಹೀಗಾಗಿ ಹರಿಯುವುದು ನಾಯಿಯ ಕೆಟ್ಟ ಗುಣ ಎಂದು ಒಮ್ಮೆಲೇ ತೀರ್ಪು ಕೊಡಲಿಕ್ಕೆ ಬರುವುದಿಲ್ಲ.

ನಾಯಿಯ ಹುಟ್ಟು ಕಸಬು

ಪ್ರತಿಯೊಂದು ಜಾತಿಯ ನಾಯಿಯನ್ನೂ ಮನುಷ್ಯ ಒಂದೊಂದು ಕಸಬಿಗಾಗಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದಾನೆ. ಲ್ಯಾಬ್ರಡಾರ್ ನಾಯಿಯ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಸ್ತರ ಜೊತೆ ತಣ್ಣೀರಿಗೆ ಧುಮುಕಿ ಬಲೆ, ಮೀನು ಎಳೆದು ತರುತ್ತಿದ್ದವು; ಮುಂದೆ ಇಂಗ್ಲೆಂಡಿನಲ್ಲಿ ಹೊಡೆದ ಹಕ್ಕಿಯನ್ನು ಬಾಯಲ್ಲಿ ಹಿಡಿದು ತರುವ ಕೆಲಸಕ್ಕೆ ಬಂದವು. ಆದ್ದರಿಂದಲೇ ಲ್ಯಾಬ್ರಡಾರಿಗೆ ಯಾವುದಾದರೊಂದು ವಸ್ತು ಸದಾ ಬಾಯಲ್ಲಿರಬೇಕು. ಜರ್ಮನ್ ಶೆಫರ್ಡ್ ಕುರಿ ಕಾಯಲು ಹುಟ್ಟಿದ್ದು. ಬೀಗಲ್ ವಾಸನೆ ಹಿಡಿದು ಮೊಲದ ಜಾಡಿನಲ್ಲಿ ಹೋಗಲು ಹುಟ್ಟಿದ್ದು. ಸೈಬೀರಿಯನ್ ಹಸ್ಕಿ ಹಿಮದ ಮೇಲೆ ಮೈಲಿಗಟ್ಟಲೆ ಗಾಡಿ ಎಳೆಯಲು ಹುಟ್ಟಿದ್ದು; ಅದನ್ನು ಹರಿಯಾಣದ ಬಿಸಿಲಿಗೆ ತಂದು ಕಟ್ಟುವವರ ಧೈರ್ಯಕ್ಕೆ ಏನು ಹೇಳಬೇಕೋ ತಿಳಿಯದು.

ದೂರದ ಮಾತು ಯಾಕೆ, ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡ್ರಿ. ಉದ್ದ ಕಾಲು, ಆಳವಾದ ಎದೆ, ಒಳಗೆ ಸೇದಿದ ಹೊಟ್ಟೆ. ಬಯಲಿನಲ್ಲಿ ಕಣ್ಣಿನಿಂದ ಬೇಟೆಯನ್ನು ಕಂಡು ಒಂದೇ ಉಸಿರಿಗೆ ಓಡಿ ಹಿಡಿಯುವ ನಾಯಿ ಇದು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ ಘೋರ್ಪಡೆಯವರು ಇದರ ಮರಿಗಳನ್ನು ದೊರೆ ಐದನೆಯ ಜಾರ್ಜನಿಗೆ ಕಾಣಿಕೆ ಕೊಟ್ಟರೆಂಬ ಮಾತು ನಮ್ಮ ಕಡೆ ಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಇಲ್ಲಿಯ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್ತಿಗೂ ಹೋದವು. 1972ರ ವನ್ಯಜೀವಿ ಕಾಯಿದೆಯಿಂದ ಬೇಟೆ ನಿಷಿದ್ಧವಾಯಿತು. ಆದರೆ ಕಾಯಿದೆ ಬಂತೆಂದು ನಾಯಿಯ ಕಾಲು ಓಡುವುದನ್ನು ಮರೆಯುವುದಿಲ್ಲ. ಈಗ ಇದೇ ನಾಯಿಯನ್ನು ಹೆಮ್ಮೆಯಿಂದ ಪೇಟೆಗೆ ಒಯ್ದು ಬಾಲ್ಕನಿಯಲ್ಲಿ ಕಟ್ಟುವವರೂ ಇದ್ದಾರೆ.

"ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದ" ಅಂತಾರಲ್ಲ, ಹಾಗೇ ಇದು. ಬಡಗಿಯ ಕೈ ಸುಮ್ಮನಿರುವುದಿಲ್ಲ, ನಾಯಿಯ ಹಲ್ಲು ಸುಮ್ಮನಿರುವುದಿಲ್ಲ. ದಿನಾಲೂ ಹೊಟ್ಟೆ ತುಂಬ ಅನ್ನ, ಮೊಟ್ಟೆ, ಪೇಟೆಯ ನಾಯಿ ಆಹಾರ ಹಾಕುತ್ತೇವೆ. ಅದು ಜಮೆಯ ಬಾಜು. ಖರ್ಚಿನ ಬಾಜು ಖಾಲಿ ಬಿಟ್ಟರೆ ಶಿಲ್ಕು ಬೆಳೆಯುತ್ತ ಹೋಗುತ್ತದೆ. ಕಡೆಗೆ ನಾಯಿ ತಾನೇ ಅದಕ್ಕೆ ಖರ್ಚಿನ ದಾರಿ ಹುಡುಕಿಕೊಳ್ಳುತ್ತದೆ, ಮತ್ತು ಅದಕ್ಕೆ ಸಿಗುವುದು ನಮ್ಮ ಸೋಫಾ.

ಒಂದು ಮನೆಯ ಲೆಕ್ಕ

ನಮ್ಮ ಕಾಕಾನ ಮನೆಯಲ್ಲಿರುವುದು ಒಂದೂವರೆ ವರ್ಷದ ಲ್ಯಾಬ್ರಡಾರ್. ಹೆಸರು ಮೋತಿ. ಕಾಕಾ ಪಾಳಿಯ ಕೆಲಸಕ್ಕೆ ಹೋದರೆ ಹತ್ತು ತಾಸು ಬರುವುದಿಲ್ಲ. ಕಾಕುಗೆ ಎರಡು ಮಕ್ಕಳು, ಶಾಲೆ, ಅಡಿಗೆ. ಮೋತಿಗೆ ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ, ಅದೂ ಲಿಫ್ಟಿನಲ್ಲಿ ಇಳಿದು ಮೂಲೆಯ ಗಿಡದ ತನಕ ಹೋಗಿ ಬರುವುದು. ನಾನು ಹೋದಾಗ ಕಾಕು ಹೇಳಿದ ನಷ್ಟವನ್ನು ಕಾಗದದ ಮೇಲೆ ಬರೆದುಕೊಂಡೆ. ಮೂರು ತಿಂಗಳದ್ದು: ಸೋಫಾ ರಿಪೇರಿ 6,500 ರೂಪಾಯಿ, ಐದು ಜೋಡು ಚಪ್ಪಲಿ-ಬೂಟು 2,400, ಮೊಬೈಲಿನ ಎರಡು ಚಾರ್ಜರ್ 900, ಪರದೆ 1,500. ಒಟ್ಟು 11,300 ರೂಪಾಯಿ. ಬಾಗಿಲಿನ ಚೌಕಟ್ಟು ಬಾಡಿಗೆ ಮನೆಯದು, ಅದರ ಬಾಬತ್ತು ಮಾಲೀಕರು ಇನ್ನೂ ನೋಡಿರಲಿಲ್ಲ.

"ರೀ, ಇದನ್ನ ಯಾರಿಗರ ಕೊಟ್ಟು ಬಿಡ್ರಿ, ಇಲ್ಲಾಂದ್ರ ನಾನರ ಊರಿಗೆ ಹೋಗ್ತೀನಿ" ಎಂದು ಕಾಕು ದಿನಾಲೂ ಹೇಳುತ್ತಿದ್ದರು. ಕೊಡುವುದು ಅಂದ್ರ ಏನೆಂದು ಅಲ್ಲಿ ಎಲ್ಲರಿಗೂ ಗೊತ್ತು. ಬೆಳೆದ ನಾಯಿಯನ್ನು, ಅದೂ ಮನೆ ಹಾಳು ಮಾಡುವ ನಾಯಿಯನ್ನು, ಯಾರೂ ಇಸಿದುಕೊಳ್ಳುವುದಿಲ್ಲ. ಕಡೆಗೆ ಯಾವುದೋ ರಸ್ತೆಯ ಬದಿಗೆ ಇಳಿಸಿ ಕಾರು ಓಡಿಸಿಕೊಂಡು ಬರುವುದೇ ಆಗುತ್ತದೆ. ಕೊರಳಿಗೆ ಪಟ್ಟಿ ಇದ್ದು ಮನೆ ಇಲ್ಲದ ನಾಯಿ ಬೀದಿಯ ನಾಯಿಗಳ ನಡುವೆ ಬಹಳ ದಿನ ಬಾಳುವುದಿಲ್ಲ.

ಪಶುವೈದ್ಯರೊಬ್ಬರು ಮೋತಿಯನ್ನು ನೋಡಿ, ರೋಗವೇನೂ ಇಲ್ಲ, ನಡಿಗೆ ಸಾಲದು ಎಂದು ಹೇಳಿದರು. ಅಂದಿನಿಂದ ಮುಂಜಾನೆ ಐದು ಗಂಟೆಗೆ ಮುಕ್ಕಾಲು ತಾಸು, ರಾತ್ರಿ ಎಂಟೂವರೆಯ ಮೇಲೆ ಅರ್ಧ ತಾಸು ನಡಿಗೆ. ಕಾಕಾ ಇಲ್ಲದ ಹೊತ್ತಿಗೆ ನಾನು. ಜೊತೆಗೆ ಮಧ್ಯಾಹ್ನದ ಆಹಾರವನ್ನು ತಟ್ಟೆಗೆ ಹಾಕದೆ ಮನೆಯ ಮೂಲೆ ಮೂಲೆಯಲ್ಲಿ ಬಚ್ಚಿಟ್ಟು ಹುಡುಕಿಸುವುದು. ಮೊದಲ ವಾರ ಏನೂ ಬದಲಾಗಲಿಲ್ಲ. ನಾಲ್ಕನೆಯ ದಿನ ನೆಲ ಒರೆಸುವ ಕೋಲನ್ನೇ ತಿಂದಿತು. ಮೊದಲ ಎರಡು ವಾರದ ನಷ್ಟ 700 ರೂಪಾಯಿ. ಆಮೇಲಿನ ಆರು ವಾರದಲ್ಲಿ ಒಂದೇ ಒಂದು ಚಪ್ಪಲಿ, 250 ರೂಪಾಯಿ. ಇದು ಒಂದೇ ಮನೆಯ ಲೆಕ್ಕ, ಶಾಸ್ತ್ರವಲ್ಲ ಎಂಬುದನ್ನು ಬಲ್ಲೆ. ಆದರೆ ಕಾಕು ಊರಿಗೆ ಹೋಗುವ ಮಾತು ಬಿಟ್ಟರು ಎಂಬುದು ಸತ್ಯ.

ವಿದ್ವಾಂಸರೂ ಇದೇ ದಾರಿಯಲ್ಲಿ ನೋಡಿದ್ದಾರೆ. ಫಿನ್ಲೆಂಡ್ ದೇಶದಲ್ಲಿ ಕಾಟ್ರೀನಾ ಟೀರಾ ಮತ್ತು ಹಾನೆಸ್ ಲೋಹಿ ಎಂಬವರು ಮೂರು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ಮಾಹಿತಿ ಕಲೆಹಾಕಿ 2015ರಲ್ಲಿ ಪ್ರಕಟಿಸಿದರು. ಒಂಟಿಯಾಗಿ ಬಿಟ್ಟಾಗ ಕಂಗಾಲಾಗುವ ನಾಯಿಗಳಿಗೆ ಉಳಿದವುಗಳಿಗಿಂತ ದಿನದ ವ್ಯಾಯಾಮ ಕಡಿಮೆ ಇತ್ತು. ಅಂಜುಬುರುಕ ನಾಯಿಯನ್ನು ಮಾಲೀಕರೇ ಕಡಿಮೆ ತಿರುಗಾಡಿಸಿರಬಹುದಲ್ಲ ಎಂದು ಕೇಳಿದರೆ ಆ ಪ್ರಶ್ನೆಯೂ ನ್ಯಾಯವೇ. ಹೇಗಾದರೂ ಎರಡಕ್ಕೂ ಸಂಬಂಧವಿರುವುದಂತೂ ಖರೆ.

ವ್ಯಾಯಾಮ ಹೇಗಿರಬೇಕು?

1. ದಿನಾಲೂ ಇರಬೇಕು. ವಾರವಿಡೀ ಕಟ್ಟಿಹಾಕಿ ರವಿವಾರ ಮೂರು ತಾಸು ಓಡಿಸಿದರೆ ಆರು ದಿನದ ಬಾಕಿ ತೀರುವುದಿಲ್ಲ. ಕಾಲುನೋವು ಮಾತ್ರ ಬಡ್ಡಿಯಾಗಿ ಬರುತ್ತದೆ. ಗೊತ್ತಾದ ಹೊತ್ತಿಗೆ ಹೊರಗೆ ಹೋಗುವ ನಾಯಿ ಆ ಹೊತ್ತಿನ ತನಕ ಸಮಾಧಾನದಿಂದ ಕಾಯುವುದನ್ನು ಕಲಿಯುತ್ತದೆ.

2. ನಾಯಿಗೆ ತಕ್ಕಂತೆ ಇರಬೇಕು. ಆರೋಗ್ಯವಂತ ಪ್ರಾಯದ ಲ್ಯಾಬ್ರಡಾರ್, ಶೆಫರ್ಡ್‌ಗಳಿಗೆ ದಿನಕ್ಕೆ ಒಂದರಿಂದ ಎರಡು ತಾಸು ಬೇಕಾಗುತ್ತದೆ. ಮುಧೋಳ ನಾಯಿಗೆ ಬೇಲಿ ಇರುವ ಬಯಲಿನಲ್ಲಿ ಸ್ವಲ್ಪ ಹೊತ್ತು ಜೋರಾದ ಓಟ, ಉಳಿದಂತೆ ನಡಿಗೆ. ಓಡಿ ಬಂದ ಮೇಲೆ ಅದು ತಾನಾಗಿ ಮಲಗುತ್ತದೆ. ಪಗ್‌ನಂಥ ಮೋಟು ಮೂಗಿನ ನಾಯಿಗೆ ಉಸಿರಾಟವೇ ಕಷ್ಟ, ಅದನ್ನು ಓಡಿಸಬಾರದು.

3. ಮರಿಗೆ ಮಿತಿ ಬೇಕು. ದೊಡ್ಡ ಜಾತಿಯ ಮರಿಗಳ ಎಲುಬು ಪೂರ್ತಿ ಗಟ್ಟಿಯಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಅಲ್ಲಿಯ ತನಕ ಸೈಕಲ್ಲಿನ ಹಿಂದೆ ಓಡಿಸುವುದು, ಮೆಟ್ಟಿಲು ಹತ್ತಿಳಿಸುವುದು, ಎತ್ತರದಿಂದ ಜಿಗಿಸುವುದು ಬೇಡ. ಹುಲ್ಲಿನ ಮೇಲೆ ತನ್ನಿಷ್ಟದಂತೆ ಆಡಲಿ.

4. ಕಾಲಿನ ಜೊತೆ ಮೂಗಿಗೂ ಕೆಲಸ ಕೊಡಬೇಕು. ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ಹತ್ತು ಕೋಟಿಗೂ ಹೆಚ್ಚು. ನಮ್ಮಲ್ಲಿ ಐವತ್ತು ಅರವತ್ತು ಲಕ್ಷದ ಸುಮಾರು. ನಾವು ಪೇಪರು ಓದಿದಂತೆ ಅದು ಬೀದಿಯ ವಾಸನೆ ಓದುತ್ತದೆ. "ನಡೀ ನಡೀ" ಎಂದು ಹಗ್ಗ ಜಗ್ಗುತ್ತ ಹೋದರೆ ಅದರ ಅರ್ಧ ಸುಖ ಹೋಯಿತು. ಹತ್ತು ನಿಮಿಷದ ಹುಡುಕಾಟದ ಆಟ ನಾಯಿಯನ್ನು ಸಾಕಷ್ಟು ದಣಿಸುತ್ತದೆ.

5. ಚೆಂಡೊಂದೇ ಸಾಲದು. ತಾಸುಗಟ್ಟಲೆ ಚೆಂಡು ಎಸೆಯುತ್ತಲೇ ಇದ್ದರೆ ನಾಯಿ ತಣಿಯುವ ಬದಲು ಕೆರಳುತ್ತದೆ. ಮನೆಗೆ ಬಂದರೂ ಏದುಸಿರು ನಿಲ್ಲುವುದಿಲ್ಲ. ಆಟದ ಕೊನೆಗೆ ಹತ್ತು ನಿಮಿಷ ನಿಧಾನ ನಡೆಸಿ ಶಾಂತ ಮಾಡಿ ಕರೆತರಬೇಕು.

6. ಊಟವಾದ ಕೂಡಲೇ ಓಡಿಸಬಾರದು. ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ಮಗುಚುವ ಅಪಾಯವಿದೆ. ಅದು ಬಂದರೆ ಕೆಲವೇ ತಾಸುಗಳಲ್ಲಿ ಪ್ರಾಣ ಹೋಗಬಹುದು.

ಬಿಸಿಲು, ಹೊಗೆ ಮತ್ತು ಚಿರತೆ

ಮಾನೇಸರಿನ ಮೇ ತಿಂಗಳು ಅಂದ್ರ ನಮ್ಮ ಕಲಬುರ್ಗಿ, ರಾಯಚೂರಿನವರೂ ಕೈ ಮುಗಿಯಬೇಕು. ಉಷ್ಣತೆ 45 ಡಿಗ್ರಿ ಮುಟ್ಟುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಚಿಲ್ಲರೆ. ಅದು 41 ದಾಟಿದರೆ ಜೀವಕ್ಕೆ ಅಪಾಯ. ಆದ್ದರಿಂದ ಬೇಸಿಗೆಯಲ್ಲಿ ಹೊತ್ತು ಹುಟ್ಟುವ ಮುಂಚೆ, ಮತ್ತು ರಾತ್ರಿ ರಸ್ತೆ ಆರಿದ ಮೇಲೆಯೇ ಹೊರಗೆ ಹೋಗಬೇಕು. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಎಣಿಸುವ ತನಕ ಇಡಲಿಕ್ಕೆ ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ನವೆಂಬರ ಸುಮಾರಿಗೆ ದೆಹಲಿಯ ಸುತ್ತಲೂ ಹೊಗೆ ಕವಿದಾಗ ಓಟ ಬೇಡ. ಮನೆಯೊಳಗೆ ಹುಡುಕಾಟದ ಆಟ ಹೆಚ್ಚಿಸಬೇಕು.

ಗುಡ್ಡ ಹತ್ತಿರ ಇದೆಯೆಂದು ನಸುಕಿನಲ್ಲಿ ನಾಯಿಯನ್ನು ಬಿಟ್ಟು ಓಡಿಸುವುದೂ ತಪ್ಪು. ಅರಾವಳಿಯಲ್ಲಿ ನೀಲಗಾಯಿ, ನವಿಲು ಮಾತ್ರವಲ್ಲ, ಚಿರತೆಯೂ ಇದೆ. 2017ರ ಅಕ್ಟೋಬರದಲ್ಲಿ ಮಾನೇಸರಿನ ಮಾರುತಿ ಸುಜುಕಿ ಕಾರ್ಖಾನೆಯೊಳಗೇ ಒಂದು ಚಿರತೆ ಹೊಕ್ಕು, ಹಿಡಿಯಲು ಒಂದೂವರೆ ದಿನ ಬೇಕಾಯಿತು. ಚಿರತೆಗೆ ನಾಯಿ ಅಂದ್ರ ಸುಲಭದ ತುತ್ತು. ಹಗ್ಗ ಕೈಯಲ್ಲಿರಲಿ. ಹುಚ್ಚುನಾಯಿ ರೋಗದ ಲಸಿಕೆ ವೇಳೆಗೆ ಸರಿಯಾಗಿ ಆಗಿರಲಿ. ಬೀದಿಯಲ್ಲಿ ಬೇರೆ ನಾಯಿಗಳು ಎದುರಾಗುವುದು ಖಂಡಿತ.

ಎಲ್ಲಕ್ಕೂ ನಡಿಗೆಯೇ ಮದ್ದಲ್ಲ

ನಾಲ್ಕರಿಂದ ಏಳು ತಿಂಗಳ ಮರಿ ಕಡಿಯುವುದು ಹಲ್ಲು ಹುಟ್ಟುವುದರಿಂದ. ಅದಕ್ಕೆ ಕಡಿಯಲು ತಕ್ಕ ವಸ್ತು ಕೊಡಬೇಕು. ಇದುವರೆಗೆ ಸುಮ್ಮನಿದ್ದ ದೊಡ್ಡ ನಾಯಿ ಒಮ್ಮೆಲೇ ಮಣ್ಣು, ಬಟ್ಟೆ ತಿನ್ನತೊಡಗಿದರೆ ಪಶುವೈದ್ಯರಿಗೆ ತೋರಿಸಬೇಕು. ಇನ್ನೊಂದು ಬಗೆ ಒಂಟಿತನದ ಭಯ. ಬೇಸರದ ನಾಯಿ ಸಿಕ್ಕಿದ್ದನ್ನು ಕಡಿಯುತ್ತದೆ; ಭಯದ ನಾಯಿ ನಾವು ಹೊರಬಿದ್ದ ಅರ್ಧ ತಾಸಿನೊಳಗೇ ಬಾಗಿಲು, ಕಿಟಕಿಯನ್ನೇ ಕೆರೆಯುತ್ತದೆ, ಜೊಲ್ಲು ಸುರಿಸುತ್ತದೆ, ಊಳಿಡುತ್ತದೆ. ಇಂಥ ನಾಯಿಗೆ ನಡಿಗೆಯಿಂದ ನೆರವಾಗುತ್ತದೆ, ಆದರೆ ಅದೊಂದರಿಂದಲೇ ಗುಣವಾಗುವುದಿಲ್ಲ. ಮೊದಲು ಒಂದು ನಿಮಿಷ, ಆಮೇಲೆ ಐದು ನಿಮಿಷ ಎಂದು ಸ್ವಲ್ಪ ಸ್ವಲ್ಪವಾಗಿ ಒಂಟಿತನ ರೂಢಿ ಮಾಡಿಸಬೇಕು.

ಹೊಡೆಯುವುದರಿಂದ ಮಾತ್ರ ಯಾವುದೂ ಗುಣವಾಗುವುದಿಲ್ಲ. "ನೋಡ್ರಿ, ತಪ್ಪು ಮಾಡೀನಿ ಅಂತ ಹ್ಯಾಂಗ ಮುಖ ಸಣ್ಣದು ಮಾಡ್ಯಾದ" ಎಂದು ಎಲ್ಲರೂ ಅನ್ನುತ್ತಾರೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ 2009ರಲ್ಲಿ ಇದನ್ನು ಪರೀಕ್ಷಿಸಿದರು. ತಪ್ಪು ಮಾಡದ ನಾಯಿಯನ್ನು ಬೈದಾಗಲೂ ಅದು ಅದೇ ಮುಖ ಮಾಡಿತು! ಅಂದ್ರ ಅದು ಪಶ್ಚಾತ್ತಾಪವಲ್ಲ, ನಮ್ಮ ಸಿಟ್ಟಿನ ಅಂಜಿಕೆ. ಮುಂಜಾನೆ ಹರಿದ ಸೋಫಾಕ್ಕೆ ಸಂಜೆ ಹೊಡೆದರೆ, ಮನೆಗೆ ಬಂದ ಯಜಮಾನ ಹೊಡೆಯುತ್ತಾನೆ ಎಂದಷ್ಟೇ ನಾಯಿ ಕಲಿಯುತ್ತದೆ.

ಕಾಯಿದೆಯ ಮಾತು

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಕಾಯಿದೆಯ ಕಲಮುಗಳನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಈ ಒಂದು ಕಲಮು ನಮ್ಮ ಪಠ್ಯದಲ್ಲಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಲ್ಲಿ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಮಾಲೀಕನು ತಕ್ಕಮಟ್ಟಿನ ವ್ಯಾಯಾಮ ಕೊಡದಿರುವುದೂ ಹಿಂಸೆ ಎಂದು ಸ್ಪಷ್ಟವಾಗಿ ಬರೆದಿದೆ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಎಲ್ಲಿಯೋ ಬಿಟ್ಟು ಬರುವುದೂ ಅದೇ ಕಲಮಿನ ಅಪರಾಧ. ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿದ್ದಾಗ ಇಂಥ ಕಾಯಿದೆಗಾಗಿ ದುಡಿದವರು. ಮೊದಲ ಅಪರಾಧಕ್ಕೆ ಅಂದು ಇಟ್ಟ ದಂಡ ಹೆಚ್ಚೆಂದರೆ ಐವತ್ತು ರೂಪಾಯಿ. ಆ ದುಡ್ಡಿಗೆ ಇಂದು ಮಾನೇಸರಿನಲ್ಲಿ ಒಂದು ಕುತ್ತಿಗೆ ಪಟ್ಟಿಯೂ ಸಿಗುವುದಿಲ್ಲ. ಹಾಗಾಗಿ ದಂಡಕ್ಕೆ ಅಂಜಿ ಯಾರೂ ನಾಯಿಯನ್ನು ತಿರುಗಾಡಿಸಲಿಕ್ಕಿಲ್ಲ. ಅದು ನಮ್ಮ ಮನಸ್ಸಿಗೇ ಬರಬೇಕು.

ಕೊನೆಯ ಮಾತು

ನಮ್ಮ ಹಳ್ಳಿಯ ಹೊಲದ ನಾಯಿಗೆ ಯಾರೂ ವ್ಯಾಯಾಮ ಮಾಡಿಸುವುದಿಲ್ಲ. ಅದು ಮುತ್ಯಾನ ಹಿಂದೆ ಹೊಲಕ್ಕೆ ಹೋಗುತ್ತದೆ, ಹಂದಿ ಓಡಿಸುತ್ತದೆ, ಕುರಿಯ ಹಿಂಡಿನ ಸುತ್ತ ತಿರುಗುತ್ತದೆ, ದಣಿದು ಬಂದು ಕಟ್ಟೆಯ ಕೆಳಗೆ ಮಲಗುತ್ತದೆ. ಅದು ಚಪ್ಪಲಿ ಕಡಿದ ಸುದ್ದಿ ಅಪರೂಪ. ಪೇಟೆಯ ನಾಯಿಯಿಂದ ಆ ಕೆಲಸವನ್ನು ಕಸಿದುಕೊಂಡವರು ನಾವು. ಅದಕ್ಕೆ ಬದಲಾಗಿ ದಿನಕ್ಕೆ ಒಂದೂವರೆ ತಾಸು ಕೊಡುವುದು ಉಪಕಾರವಲ್ಲ, ಸಾಲದ ತೀರುವಳಿ.

ಆದ್ದರಿಂದ ಮಿತ್ರರೇ, ನಾಳೆ ನೌಕರಿ ಸಿಕ್ಕು ಗುರುಗ್ರಾಮಕ್ಕೋ ಬೆಂಗಳೂರಿಗೋ ಹೋದಾಗ ನಾಯಿಮರಿ ತರುವ ಆಸೆ ಬಂದರೆ, ಮರಿಯ ಬೆಲೆಯನ್ನು ಆಮೇಲೆ ಕೇಳ್ರಿ. ಮೊದಲು ಒಂದು ಕಾಗದ ತೆಗೆದುಕೊಂಡು, ಮುಂದಿನ ಹತ್ತು ಹನ್ನೆರಡು ವರ್ಷ ದಿನಾಲೂ ಒಂದೂವರೆ ತಾಸು ಎಲ್ಲಿಂದ ತರುತ್ತೀರಿ ಎಂಬುದನ್ನು ಬರೆಯಿರಿ. ಲೆಕ್ಕ ಕೂಡಿದರೆ ಮರಿ ತರ್ರಿ. ಕೂಡದಿದ್ದರೆ ಬೀದಿಯ ನಾಯಿಗೆ ದಿನಾಲೂ ಒಂದು ರೊಟ್ಟಿ ಹಾಕ್ರಿ, ಅದೂ ಪುಣ್ಯದ ಕೆಲಸವೇ.